ಕಣ್ಣಿಗೆ ಸೂಜಿ: ಹೆದರಬೇಕಾದದ್ದು ಯಾವುದಕ್ಕೆ?

‘ಕಣ್ಣಿಗೆ ಇಂಜೆಕ್ಷನ್ ಕೊಡಬೇಕು’ ಎಂದು ರೆಟಿನಾ ತಜ್ಞರು ಹೇಳಿದ ಮೇಲೆ ಅವರ ಮುಂದಿನ ಮಾತು ಹಲವರ ಕಿವಿಗೆ ಬೀಳುವುದೇ ಇಲ್ಲ. ಶುಗರ್‌ನಿಂದ ರೆಟಿನಾದ ನಡುಭಾಗ (ಮ್ಯಾಕುಲಾ) ಬಾತುಕೊಂಡವರು, ವಯಸ್ಸಾದ ಮೇಲೆ ಅಲ್ಲಿ ಬೇಡದ ರಕ್ತನಾಳ ಹುಟ್ಟಿ ಸೋರುತ್ತಿರುವವರು, ರೆಟಿನಾದ ರಕ್ತನಾಳ ಕಟ್ಟಿಕೊಂಡು ಬಾವು ಬಂದವರು ಇವರಿಗೆಲ್ಲ ಇಂದು ಸಾಮಾನ್ಯವಾಗಿ ಮೊದಲು ಹೇಳುವ ಚಿಕಿತ್ಸೆ ಇದೇ. ಈ ಮೂರು ತೊಂದರೆಗಳ ಹಿಂದೆಯೂ ವಿಇಜಿಎಫ್ ಎಂಬ ಪ್ರೋಟೀನಿನ ಕೈವಾಡವಿದೆ. ರಕ್ತನಾಳಗಳನ್ನು ಬೆಳೆಸುವುದೂ ಸೋರಿಸುವುದೂ ಅದೇ. ವಿಜ್ಞಾನಿ ನೆಪೋಲಿಯಾನೆ ಫೆರಾರಾ ಅವರ ತಂಡ 1989ರಲ್ಲಿ ಅದನ್ನು ಪ್ರತ್ಯೇಕಿಸಿ ತೋರಿಸಿತು. ಇಂಜೆಕ್ಷನ್‌ನಲ್ಲಿರುವ ಔಷಧಿ ಆ ಪ್ರೋಟೀನನ್ನು ಕಟ್ಟಿಹಾಕುತ್ತದೆ. ಇಷ್ಟು ಸರಳ ಸಂಗತಿಯ ಸುತ್ತ ಹಬ್ಬಿರುವ ಮಾತುಗಳು ಮಾತ್ರ ಬೇಕಾದಷ್ಟು.

‘ಕಪ್ಪು ಗುಡ್ಡೆಗೇ ಚುಚ್ಚುತ್ತಾರಂತೆ, ಜೀವ ಹೋಗುವಷ್ಟು ನೋವಂತೆ’

ಕಪ್ಪು ಗುಡ್ಡೆಯನ್ನು ಸೂಜಿ ಮುಟ್ಟುವುದಿಲ್ಲ. ಅದರ ಅಂಚಿನಿಂದ 3.5ರಿಂದ 4 ಮಿಲಿಮೀಟರ್ ಹಿಂದೆ, ಬಿಳಿ ಭಾಗದಲ್ಲಿ ಚುಚ್ಚುತ್ತಾರೆ. ಆ ಜಾಗದ ಒಳಗೆ ರೆಟಿನಾ ಇನ್ನೂ ಶುರುವಾಗಿರುವುದಿಲ್ಲ, ಮಸೂರಕ್ಕೂ ತಗಲುವುದಿಲ್ಲ. ಸೂಜಿ ಹೆಚ್ಚುಕಡಿಮೆ ಇನ್ಸುಲಿನ್ ಸೂಜಿಯಷ್ಟು ಸಣ್ಣ. ಒಳಗೆ ಹೋಗುವುದು ಸಾಮಾನ್ಯವಾಗಿ 0.05 ಮಿಲಿಲೀಟರ್, ಅಂದರೆ ಒಂದು ಹನಿ. ಮೊದಲೇ ಮರಗಟ್ಟಿಸುವ ಡ್ರಾಪ್ಸ್ ಹಾಕಿರುತ್ತಾರೆ, ಆದ್ದರಿಂದ ಹೆಚ್ಚಿನವರಿಗೆ ಒತ್ತಿದಂತೆ ಅನ್ನಿಸಿ ಕ್ಷಣದಲ್ಲಿ ಮುಗಿಯುತ್ತದೆ. ಆ ರಾತ್ರಿ ಕಣ್ಣು ಚುರುಗುಟ್ಟುತ್ತದಲ್ಲ, ಅದಕ್ಕೆ ಬಹುಪಾಲು ಕಾರಣ ಸೋಂಕು ತಡೆಯಲು ಹಾಕುವ ಪೊವಿಡೋನ್ ಅಯೋಡಿನ್. ಅದನ್ನು ಬೇಡ ಎನ್ನಬೇಡಿ. ಆ ಉರಿ ಇಡೀ ಕಣ್ಣಿನ ಕಾವಲು.

ಮರುದಿನ ಬಿಳಿ ಭಾಗದಲ್ಲಿ ರಕ್ತದ ಕೆಂಪು ಕಲೆ ಕಂಡು ಮನೆಮಂದಿ ಗಾಬರಿಯಾಗುವುದುಂಟು. ನೋವಿಲ್ಲದೆ, ದೃಷ್ಟಿ ಮಂಕಾಗದೆ ಇದ್ದರೆ ಅದು ಒಂದೆರಡು ವಾರದಲ್ಲಿ ತಾನೇ ಕರಗುತ್ತದೆ. ಕಣ್ಣ ಮುಂದೆ ದುಂಡನೆಯ ಗುಳ್ಳೆ ತೇಲಿದರೂ ಅಷ್ಟೇ. ಅದು ಔಷಧಿಯ ಜೊತೆ ಒಳಹೊಕ್ಕ ಗಾಳಿ.

‘ಒಂದು ಹಾಕಿಸಿಕೊಂಡೆವಲ್ಲ, ಮುಗಿಯಿತು’

ಕಣ್ಣು ಕೆಡುವುದು ಹೆಚ್ಚಾಗಿ ಈ ನಂಬಿಕೆಯಿಂದ. ಔಷಧಿ ರೋಗದ ಬೇರನ್ನು ಕೀಳುವುದಿಲ್ಲ, ಸೋರಿಕೆಯನ್ನು ತಡೆಹಿಡಿಯುತ್ತದೆ. ಕೆಲವು ವಾರಗಳಲ್ಲಿ ಅದು ಕಣ್ಣಿನಿಂದ ಖಾಲಿಯಾಗುತ್ತದೆ, ವಿಇಜಿಎಫ್ ಮತ್ತೆ ಕೆಲಸಕ್ಕಿಳಿಯುತ್ತದೆ. ಅದಕ್ಕಾಗಿಯೇ ಮೊದಲು ತಿಂಗಳಿಗೊಂದರಂತೆ ಮೂರೋ ಐದೋ ಕೊಟ್ಟು, ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್‌ನಲ್ಲಿ ನೀರು ಇಳಿದದ್ದು ನೋಡಿ, ನಡುವಿನ ಅಂತರವನ್ನು ನಿಧಾನವಾಗಿ ಹಿಗ್ಗಿಸುತ್ತಾರೆ. ಶುಗರ್‌ನ ಬಾವಿಗೆ ಮೊದಲ ವರ್ಷದಲ್ಲಿ ಎಂಟೊಂಬತ್ತು ಬೇಕಾಗುವುದು ಅಪರೂಪವಲ್ಲ. ಮೊದಲ ದಿನವೇ ರೋಗಿಗೆ ಈ ಲೆಕ್ಕ ಹೇಳದಿರುವುದು ವೈದ್ಯರ ಕಡೆಯ ತಪ್ಪು ಎಂದೇ ನನ್ನ ಅಭಿಪ್ರಾಯ. ಹಣ, ರಜೆ, ಜೊತೆಗೆ ಬರುವವರು ಎಲ್ಲವನ್ನೂ ಹೊಂದಿಸಿಕೊಳ್ಳಬೇಕಾದವರು ಮನೆಯವರು ತಾನೇ?

ಶುಗರ್ ತೀವ್ರವಾಗಿ ರೆಟಿನಾದ ಮೇಲೆ ಹೊಸ ರಕ್ತನಾಳ ಬೆಳೆದ ಹಂತದಲ್ಲಂತೂ ನಡುವೆ ಬಿಟ್ಟರೆ ಪೆಟ್ಟು ಜೋರು. 2019ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ತಿಂಗಳುಗಟ್ಟಲೆ ಆಸ್ಪತ್ರೆಗೆ ಬಾರದೆ ಉಳಿದವರ ಪೈಕಿ ಲೇಸರ್ ಆದವರಿಗಿಂತ ಬರೀ ಇಂಜೆಕ್ಷನ್ ಆದವರ ಕಣ್ಣುಗಳು ಹೆಚ್ಚು ಹಾಳಾಗಿದ್ದವು. ಪದೇ ಪದೇ ಬರಲು ಆಗದು ಎನ್ನುವುದು ಮೊದಲೇ ಗೊತ್ತಿದ್ದರೆ ಸಂಕೋಚ ಬಿಟ್ಟು ಹೇಳಿ. ಲೇಸರ್ ಸೇರಿಸಿ ಯೋಜನೆ ಹಾಕಲು ಬರುತ್ತದೆ.

‘ಶುರು ಮಾಡಿದರೆ ಕಣ್ಣಿಗೆ ಚಟ ಹಿಡಿಯುತ್ತದೆ’

ಚಟವೂ ಇಲ್ಲ, ಅಭ್ಯಾಸವೂ ಇಲ್ಲ. ಮತ್ತೆ ಮತ್ತೆ ಬೇಡುವುದು ರೋಗ.

‘ಕಣ್ಣಿಗೆ ಹಾಕುವುದು ಕ್ಯಾನ್ಸರ್ ಔಷಧಿ. ಅಗ್ಗದ್ದು ಬೇರೆ’

ಅರ್ಧ ನಿಜ. ಅವಾಸ್ಟಿನ್ ಎಂದು ಕರೆಯುವ ಬೆವಾಸಿಜುಮಾಬ್ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು ದೊಡ್ಡ ಕರುಳಿನ ಕ್ಯಾನ್ಸರಿಗೆ. ಮರುವರ್ಷ ಮಿಯಾಮಿಯ ಫಿಲಿಪ್ ರೋಸೆನ್‌ಫೆಲ್ಡ್ ಅದನ್ನು ಕಣ್ಣಿಗೆ ಕೊಟ್ಟು ನೋಡಿದರು. ಪ್ರಮಾಣದ ವ್ಯತ್ಯಾಸ ಗಮನಿಸಿ: 60 ಕಿಲೋ ತೂಕದ ಕ್ಯಾನ್ಸರ್ ರೋಗಿಗೆ ಒಂದು ಸಲಕ್ಕೆ 300 ಮಿಲಿಗ್ರಾಂನಷ್ಟು ರಕ್ತಕ್ಕೆ ಹೋದರೆ, ಕಣ್ಣಿಗೆ 1.25 ಮಿಲಿಗ್ರಾಂ. 2011ರ ಕ್ಯಾಟ್ ಎಂಬ ಔಷಧಿ ಪರೀಕ್ಷೆಯಲ್ಲಿ ವಯಸ್ಸಿನ ಮ್ಯಾಕುಲಾ ರೋಗಕ್ಕೆ ಇದು ಅದೇ ಕೆಲಸ ಮಾಡುವ ದುಬಾರಿ ಔಷಧಿ ರಾನಿಬಿಜುಮಾಬ್‌ಗೆ ಸರಿಸಮನಾಗಿ ನಿಂತಿತು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕಣ್ಣಿನ ಬಳಕೆಗೆಂದು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಎಲ್ಲ ಕಣ್ಣಿಗೂ ಎಲ್ಲವೂ ಒಂದೇ ಎಂದಲ್ಲ. ಶುಗರ್‌ನ ಬಾವಿನಿಂದ ದೃಷ್ಟಿ ಹೆಚ್ಚು ಇಳಿದಿದ್ದವರಿಗೆ ಮೊದಲ ವರ್ಷ ಅಫ್ಲಿಬರ್ಸೆಪ್ಟ್ ಎಂಬ ಇನ್ನೊಂದು ಔಷಧಿ ಮೇಲುಗೈ ಪಡೆದದ್ದನ್ನು 2015ರ ಇನ್ನೊಂದು ಪರೀಕ್ಷೆ ತೋರಿಸಿತು.

ಅಗ್ಗವಾಗಲು ಕಾರಣ ಬೇರೆ. 4 ಮಿಲಿಲೀಟರಿನ ಒಂದು ಬಾಟಲಿಯಲ್ಲಿ ಲೆಕ್ಕಕ್ಕೆ 80 ಕಣ್ಣಿಗಾಗುವಷ್ಟು ಔಷಧಿ ಇರುತ್ತದೆ, ಅದನ್ನು ಹಂಚಿ ಸಿರಿಂಜ್‌ಗೆ ತುಂಬುತ್ತಾರೆ. ಅಪಾಯ ಇರುವುದೂ ಆ ಹಂಚುವ ಹೊತ್ತಿನಲ್ಲೇ, ಔಷಧಿಯಲ್ಲಲ್ಲ. ಶುಚಿ ತಪ್ಪಿದರೆ ಒಂದು ಬಾಟಲಿಯಿಂದ ಹಲವು ಕಣ್ಣು ಹೋಗಬಹುದು. 2023ರ ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದ ಪಂಜಾಬ್ ಪ್ರಾಂತದಲ್ಲಿ ಹಂಚಿ ತುಂಬಿದ ಇಂಜೆಕ್ಷನ್‌ನಿಂದ ಹಲವರು ದೃಷ್ಟಿ ಕಳೆದುಕೊಂಡರು. ಆದ್ದರಿಂದ ‘ಯಾವ ಔಷಧಿ?’ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ, ‘ಎಲ್ಲಿ, ಹೇಗೆ ತುಂಬಿಸುತ್ತೀರಿ?’ ಎಂದೂ ಕೇಳಿ. ಅದು ಅಧಿಕಪ್ರಸಂಗವಲ್ಲ. ಒಬ್ಬರಿಗೇ ಒಂದು ಸೀಸೆ ಬೇಕೆನ್ನುವವರಿಗೆ 2015ರಿಂದ ಭಾರತದಲ್ಲೇ ತಯಾರಾದ ರಾನಿಬಿಜುಮಾಬ್ ಸಿಗುತ್ತಿದೆ, ಬೆಲೆ ಮೂಲ ಔಷಧಿಗಿಂತ ಕಡಿಮೆ.

‘ಸೋಂಕಾಗಿ ಕಣ್ಣೇ ಹೋಗುತ್ತದೆ’

ಸಾಧ್ಯ, ಆದರೆ ಅಪರೂಪ. ಸರಿಯಾದ ಶುಚಿತ್ವದಲ್ಲಿ ಸುಮಾರು ಎರಡು ಮೂರು ಸಾವಿರ ಇಂಜೆಕ್ಷನ್‌ಗಳಿಗೆ ಒಂದು. ಬೇಗ ಗುರುತಿಸಿದರೆ ಕಣ್ಣು ಉಳಿಸುವ ದಾರಿಯೂ ಇದೆ. ಮೊದಲ ವಾರದಲ್ಲಿ ನೋವು ಏರುತ್ತಾ ಹೋದರೆ, ದೃಷ್ಟಿ ಮಂಜಾಗುತ್ತಾ ಬಂದರೆ, ಬೆಳಕು ಸಹಿಸಲಾಗದಿದ್ದರೆ ಬೆಳಗಾಗಲಿ ಎಂದು ಕಾಯಬಾರದು, ಅಂದೇ ಹೋಗಬೇಕು. ಕಣ್ಣಲ್ಲಿ ಗೀಜು, ಕೆಂಪು, ರೆಪ್ಪೆಯ ಕುರು ಇರುವ ದಿನ ಇಂಜೆಕ್ಷನ್ ಮುಂದೂಡುತ್ತಾರೆ. ಮುಚ್ಚಿಡಬೇಡಿ. ಇತ್ತೀಚೆಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿದ್ದರೆ, ಗರ್ಭಿಣಿಯಾಗಿದ್ದರೆ ಅದನ್ನೂ ಹೇಳಿ. ಕೆಲವರಿಗೆ ಕಣ್ಣಿಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್‌ನ ತೊಡಕೇ ಬೇರೆ: ಅದು ಕಣ್ಣಿನ ಒತ್ತಡ ಏರಿಸಬಹುದು, ಪೊರೆ ಬೇಗ ತರಬಹುದು.

‘ಇಷ್ಟು ಹಾಕಿಸಿದರೂ ಮೊದಲಿನಂತೆ ಕಾಣುತ್ತಿಲ್ಲ, ದುಡ್ಡು ದಂಡ’

ವಯಸ್ಸಿನ ಮ್ಯಾಕುಲಾ ರೋಗದ ಮೇಲೆ 2006ರಲ್ಲಿ ಪ್ರಕಟವಾದ ಮರೀನಾ ಪರೀಕ್ಷೆಯನ್ನೇ ನೋಡಿ. ತಿಂಗಳು ತಿಂಗಳು ರಾನಿಬಿಜುಮಾಬ್ ಪಡೆದವರಲ್ಲಿ ಒಂದು ವರ್ಷದ ಕೊನೆಗೆ ಶೇಕಡಾ 95ರಷ್ಟು ಜನರ ದೃಷ್ಟಿ ಹೆಚ್ಚು ಕುಸಿಯಲಿಲ್ಲ. ಔಷಧಿ ಪಡೆಯದವರಲ್ಲಿ ಹಾಗೆ ಉಳಿದವರು ಶೇಕಡಾ 62. ಚೆನ್ನಾಗಿ ಸುಧಾರಿಸಿದವರು ಔಷಧಿ ಪಡೆದವರಲ್ಲೂ ಮೂರರಲ್ಲಿ ಒಬ್ಬರಷ್ಟೇ. ಅಂದರೆ ಇಂಜೆಕ್ಷನ್‌ನ ದೊಡ್ಡ ಲಾಭ ಇದ್ದದ್ದನ್ನು ಉಳಿಸುವುದು. ರೆಟಿನಾದಲ್ಲಿ ಕಲೆ ಕಟ್ಟಿದ ಮೇಲೆ ಬಂದರೆ ಯಾವ ಔಷಧಿಯೂ ಹಿಂದಕ್ಕೆ ತರಲಾರದು.

‘ಶುಗರ್ ಹತೋಟಿಗೆ ಬಂತಲ್ಲ, ಇನ್ನೇಕೆ?’

ಹತೋಟಿ ಬೇಕೇ ಬೇಕು, ಬಿಪಿಯದೂ ಕೂಡ. ಆದರೆ ಬಾತಿರುವ ರೆಟಿನಾ ಅಷ್ಟರಿಂದಲೇ ಇಳಿಯುತ್ತದೆಂಬ ಭರವಸೆ ಇಲ್ಲ. ಇಂಜೆಕ್ಷನ್ ಹಾಕಿಸಿಕೊಂಡೆವೆಂದು ಶುಗರ್ ಕಡೆಗಣಿಸುವಂತೆಯೂ ಇಲ್ಲ.

ಮನೆಯಲ್ಲಿ ಈ ಚಿಕಿತ್ಸೆಯಲ್ಲಿರುವ ಹಿರಿಯರಿದ್ದರೆ ಇವತ್ತೇ ಅವರ ಆಸ್ಪತ್ರೆಯ ಚೀಟಿ ತೆಗೆದು ಮುಂದಿನ ತಾರೀಖು ನೋಡಿ. ದಾಟಿಹೋಗಿದ್ದರೆ ಫೋನು ಮಾಡಿ ಹೊಸ ದಿನ ಗೊತ್ತು ಮಾಡಿಕೊಳ್ಳಿ, ಜೊತೆಗೆ ಹೋಗಿ ಬನ್ನಿ.