ಮೇಲೇರದ ಗಾಜು

ಕಾರಿನ ಗಾಜನ್ನು ಹಿಡಿಕೆ ತಿರುಗಿಸಿ ಏರಿಸುತ್ತಿದ್ದ ಕಾಲದಲ್ಲಿ ಬಾಗಿಲಿನೊಳಗಿನ ರೋಗವು ಮೊದಲು ತಿಳಿಯುತ್ತಿದ್ದುದು ಕೈಗೆ. ಹಿಡಿಕೆ ಬಿಗಿಯಾದರೆ ಒಡೆಯನು ಎಚ್ಚರಗೊಳ್ಳುತ್ತಿದ್ದನು. ಅಮೆರಿಕದ ಪ್ಯಾಕಾರ್ಡ್ ಕಂಪನಿಯು 1940ರಲ್ಲಿಯೇ ದ್ರವದ ಒತ್ತಡದಿಂದ ಏರಿಳಿಯುವ ಗಾಜನ್ನು ತಂದಿತು. ಅನಂತರ ವಿದ್ಯುತ್ ಮೋಟಾರು ಆ ಕೆಲಸವನ್ನು ವಹಿಸಿಕೊಂಡಿತು. ನಮ್ಮ ಮಧ್ಯಮವರ್ಗದ ಮನೆಗಳಿಗೆ ಈ ಸೌಕರ್ಯ ಬಂದುದು ಬಹಳ ತಡವಾಗಿ. 1983ರಲ್ಲಿ ಬಂದ ಮಾರುತಿ 800ಕ್ಕೂ ಹಿಡಿಕೆಯೇ ಗತಿಯಾಗಿತ್ತು. ಇಂದು ಹದಿನೈದು ವರ್ಷ ಮೀರಿದ ಅನೇಕ ಕಾರುಗಳಲ್ಲಿಯೂ ಗುಂಡಿಯುಂಟು. ಆದರೆ ಬಿಗಿತವನ್ನು ಅನುಭವಿಸುವುದು ನಮ್ಮ ಕೈಯಲ್ಲ, ಬಾಯಿಲ್ಲದ ಮೋಟಾರು. ಒಂದು ದಿನ ಅದು ಸೋತು ನಿಂತಾಗ ನಾವು ಅದನ್ನೇ ದೂರುತ್ತೇವೆ.

ಬೀದರ ಜಿಲ್ಲೆಯಲ್ಲಿ ಈ ದೂರು ಬಹುಮಟ್ಟಿಗೆ ಅನ್ಯಾಯವೆಂದೇ ನನ್ನ ಎಣಿಕೆ. ಬೀದರ ನಗರವಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಇಲ್ಲಿಯ ಧೂಳು ಕೆಂಪು. ಇಳಿಜಾರನ್ನಿಳಿದು ಭಾಲ್ಕಿಯ ಕಡೆಗೋ, ಮಾಂಜ್ರಾ ನದಿಯನ್ನು ದಾಟಿ ಔರಾದದ ಕಡೆಗೋ ಹೊರಟರೆ ಎರೆಭೂಮಿ. ಎರೆಯ ಧೂಳು ಹಿಟ್ಟಿನಂತೆ ನುಣುಪು; ಒದ್ದೆಯಾದರೆ ಅಂಟು. ಕೋಟೆಯ ಮಣ್ಣು ನವಸಾಗರದೊಡನೆ ಸೇರಿ ಬಿದರಿಯ ಪಾತ್ರೆಗಳಿಗೆ ಕಪ್ಪು ಬಣ್ಣ ಕೊಡುತ್ತದೆ, ನಿಜ; ಕಾರಿನ ಬಾಗಿಲಿಗೆ ಮಾತ್ರ ನಮ್ಮ ಯಾವ ಮಣ್ಣೂ ಮಿತ್ರನಲ್ಲ. ಗಾಜು ಎರಡು ಪಕ್ಕಗಳಲ್ಲಿಯೂ ರಬ್ಬರಿನ ಸಂದಿಯಲ್ಲಿ ಜಾರಬೇಕು. ಬೇಸಗೆಯ ಬಿಸಿಲಿಗೆ ಆ ರಬ್ಬರು ಗಡುಸಾಗುತ್ತದೆ, ಧೂಳು ಅದರಲ್ಲಿ ಗಟ್ಟಿಯಾಗಿ ಕೂರುತ್ತದೆ. ಗಾಜು ನಿಧಾನವಾಗಿ, ನರಳುತ್ತ ಏರತೊಡಗಿದರೆ ಮೊದಲು ಸಂಶಯಿಸಬೇಕಾದುದು ಈ ಸಂದಿಯನ್ನೇ. ತೆಳುವಾದ ಕಡ್ಡಿಗೆ ಒದ್ದೆಬಟ್ಟೆ ಸುತ್ತಿ ಒರೆಸಿ, ಒಣಗಿದ ಮೇಲೆ ಸಿಲಿಕೋನ್ ಸಿಂಪಡಿಸಿದರೆ ಎಷ್ಟೋ ಬಾರಿ ಚಿಕಿತ್ಸೆ ಅಲ್ಲಿಗೇ ಮುಗಿಯುತ್ತದೆ. ಅಡುಗೆಮನೆಯ ಎಣ್ಣೆಯನ್ನೋ ಗ್ರೀಸನ್ನೋ ಹಚ್ಚುವ ಉತ್ಸಾಹ ಬೇಡ. ಎಣ್ಣೆಯು ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ.

ಗಾಜು ಅಲುಗದೆಯೇ ನಿಂತಿದ್ದರೆ ಕಿವಿಗೊಟ್ಟು ಕೇಳಬೇಕು. ಗುಂಡಿಯೊತ್ತಿದಾಗ ಒಳಗೆ ಮೋಟಾರು ತಿರುಗುವ ಸದ್ದು ಕೇಳಿಸಿ ಗಾಜು ಮಾತ್ರ ಕದಲದಿದ್ದರೆ, ಗಾಜನ್ನು ಎತ್ತುವ ತಂತಿಯೋ ಅದನ್ನು ಹಿಡಿದಿರುವ ಪ್ಲಾಸ್ಟಿಕ್ಕಿನ ಕೊಂಡಿಯೋ ತುಂಡಾಗಿರುವ ಸಂಭವವೇ ಹೆಚ್ಚು. ಸದ್ದೇ ಇಲ್ಲ, ಆದರೆ ಒಳಗಿನ ದೀಪ ತುಸು ಮಂಕಾಯಿತೆಂದರೆ ವಿದ್ಯುತ್ತು ಮೋಟಾರಿಗೆ ತಲಪುತ್ತಿದೆ. ಅದು ತಿರುಗಲಾರದೆ ಸಿಕ್ಕಿಕೊಂಡಿದೆ. ಎರಡೂ ಇಲ್ಲದಿದ್ದರೆ ಫ್ಯೂಸು, ಸ್ವಿಚ್ಚು, ತಂತಿ, ಈ ಕ್ರಮದಲ್ಲಿ ನೋಡಬೇಕು. ಬಾಗಿಲು ದಿನಕ್ಕೆ ಹತ್ತಾರು ಬಾರಿ ತೆರೆದು ಮುಚ್ಚುವುದರಿಂದ ಕೀಲಿನ ಬಳಿ ರಬ್ಬರಿನ ತೋಳೊಳಗೆ ತಂತಿ ಮಡಿಸಿ ಮಡಿಸಿ ಕಡಿಯುವುದುಂಟು. ಬಾಗಿಲನ್ನು ಅತ್ತಿತ್ತ ಆಡಿಸುತ್ತ ಗುಂಡಿಯೊತ್ತಿದಾಗ ಗಾಜು ಒಮ್ಮೆ ಬೆಚ್ಚಿ ಅಲುಗಿದರೆ ಕಳ್ಳ ಅಲ್ಲಿಯೇ ಸಿಕ್ಕನು. ಅನೇಕ ಮೋಟಾರುಗಳು ಬಿಸಿಯೇರಿದಾಗ ತಾವಾಗಿಯೇ ನಿಲ್ಲುವುದೂ ಉಂಟು. ಮಕ್ಕಳು ಗುಂಡಿಯೊಡನೆ ಆಡಿದ ಮೇಲೆ ಗಾಜು ನಿಂತರೆ ಸ್ವಲ್ಪ ಹೊತ್ತು ತಣಿಯಬಿಟ್ಟು ನೋಡಿ. ಮಿಸ್ತ್ರಿಯನ್ನು ಕರೆಯಲು ಅವಸರವಿಲ್ಲ.

ಮಕ್ಕಳ ಮಾತು ಬಂದುದರಿಂದ ಒಂದನ್ನು ಹೇಳಲೇಬೇಕು. ಹೊಸ ಕಾರುಗಳ ಕೆಲವು ಗಾಜುಗಳು ಅಡ್ಡಿ ಸಿಕ್ಕಿದರೆ ಹಿಂದಿರುಗುತ್ತವೆ. ಹಳೆಯ ಕಾರುಗಳಲ್ಲಿ ಅನೇಕಕ್ಕೆ ಆ ವಿವೇಕವಿಲ್ಲ. ಎಳೆಯ ಬೆರಳಾದರೇನು, ಕೊರಳಾದರೇನು, ಅವು ಏರುತ್ತಲೇ ಇರುತ್ತವೆ. ರಬ್ಬರಿನ ಬಿಗಿತ ಕಳೆದು ದುರಸ್ತಿಯಾದ ಗಾಜು ಮೊದಲಿಗಿಂತ ಚುರುಕಾಗಿ ಏರುತ್ತದೆಂಬುದನ್ನೂ ನೆನಪಿಡಿ. ಹಿಂದಿನ ಗುಂಡಿಗಳನ್ನು ಕಟ್ಟಿಹಾಕುವ ಬೀಗದ ಸ್ವಿಚ್ಚು ಚಾಲಕನ ಬಳಿಯಿದ್ದರೆ, ದುರಸ್ತಿಯ ದಿನವೇ ಅದನ್ನೂ ಪರೀಕ್ಷಿಸಿರಿ.

ಔರಾದದ ದಾರಿಯಲ್ಲಿ ಮಳೆ ಕವಿದು, ಗಾಜು ಅರ್ಧಕ್ಕೆ ನಿಂತರೆ? ಒಬ್ಬರು ಗುಂಡಿಯನ್ನು ಒತ್ತಿ ಹಿಡಿದಿರಲಿ. ಇನ್ನೊಬ್ಬರು ಒಳಗೊಂದು ಹೊರಗೊಂದು ಅಂಗೈಯನ್ನು ಗಾಜಿಗೆ ಒತ್ತಿ ಮೆಲ್ಲನೆ ಮೇಲಕ್ಕೆತ್ತಲಿ. ದಣಿದ ಮೋಟಾರಿಗೆ ಆ ಆಸರೆ ಹಲವು ವೇಳೆ ಸಾಕು. ಏರಿದ ಮೇಲೆ ಊರು ಮುಟ್ಟುವವರೆಗೆ ಇಳಿಸಬಾರದಷ್ಟೆ.

ಬಾಗಿಲನ್ನು ಬಿಚ್ಚಲೇಬೇಕಾದಾಗ ಮಿಸ್ತ್ರಿಯ ಕೈಯನ್ನು ಗಮನಿಸುತ್ತಿರಿ. ಒಳಹಲಗೆಯ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿರುತ್ತದೆ. ಅವಸರದವನು ಅದನ್ನು ಹರಿದೆಸೆಯುತ್ತಾನೆ. ಮುಂದಿನ ಮಳೆಗಾಲದಲ್ಲಿ ನೀರು ಕಾರಿನೊಳಕ್ಕೆ ಇಳಿಯುತ್ತದೆ. ಬಾಗಿಲಿನ ತಳದಲ್ಲಿ ನೀರು ಹರಿದುಹೋಗಲು ಸಣ್ಣ ರಂಧ್ರಗಳಿವೆ. ಎರೆಮಣ್ಣು ಅವನ್ನು ಮುಚ್ಚಿದ್ದರೆ ಕಡ್ಡಿಯಿಂದ ಬಿಡಿಸಿ, ಆ ಹಾಳೆಯನ್ನು ಮತ್ತೆ ಅಂಟಿಸಿದ ಮೇಲೆಯೇ ಹಲಗೆ ಕೂರಿಸಲು ಹೇಳಿರಿ.