ಮರ ತಬ್ಬಿದ ವರ್ಷ, ಮರದ ಕಾದಂಬರಿ
2018ರ ಜೂನ್. ಸರ್ಕಾರಿ ವಸತಿಗೃಹಗಳ ಮರುನಿರ್ಮಾಣಕ್ಕಾಗಿ ದಕ್ಷಿಣ ದೆಹಲಿಯ ಏಳು ಬಡಾವಣೆಗಳಲ್ಲಿ 16,000ಕ್ಕೂ ಹೆಚ್ಚು ಮರಗಳಿಗೆ ಕೊಡಲಿ ಬೀಳುವುದಿತ್ತು. ಸರೋಜಿನಿ ನಗರದಲ್ಲಿ ಸೇರಿದ ಜನ ಮರಗಳನ್ನು ತಬ್ಬಿ ನಿಂತರು. ದೆಹಲಿ ಹೈಕೋರ್ಟ್ ಕಡಿತಕ್ಕೆ ತಡೆ ನೀಡಿತು.

ಮರ ಉಳಿಸಲು ಹೊರಟವರ ಕಥೆಯಾದ ರಿಚರ್ಡ್ ಪವರ್ಸ್ ಅವರ ‘ದಿ ಓವರ್‌ಸ್ಟೋರಿ’ ಅಮೆರಿಕದಲ್ಲಿ ಹೊರಬಂದದ್ದೂ ಅದೇ ವರ್ಷ. 2019ರಲ್ಲಿ ಅದಕ್ಕೆ ಪುಲಿಟ್ಜರ್ ಬಂತು.

ಕನ್ನಡದಲ್ಲಿ ಮರಕ್ಕೂ ಕಾದಂಬರಿಗೂ ಇರುವ ನಂಟು ಇನ್ನೂ ಹಳೆಯದು. ಶಿವರಾಮ ಕಾರಂತರ ‘ಬೆಟ್ಟದ ಜೀವ’ದ (1943) ಗೋಪಾಲಯ್ಯ ಕಾಡು ಕಡಿದೇ ತೋಟ ಎಬ್ಬಿಸಿದವರು, ಆದರೂ ಆ ಬೆಟ್ಟ ಬಿಟ್ಟು ಬದುಕಲಾರರು. ಈ ಇಬ್ಬಂದಿಯನ್ನು ಇಷ್ಟು ಅಕ್ಕರೆಯಿಂದ ಚಿತ್ರಿಸಿದ ಕಾದಂಬರಿ ವಿರಳ. ಮರ ತಬ್ಬುವುದೂ ಕನ್ನಡ ನಾಡಿಗೆ ಹೊಸದಲ್ಲ: ಶಿರಸಿಯ ಸಾಲ್ಕಣಿ ಕಡೆಯ ಜನ ಮರಗಳನ್ನು ಅಪ್ಪಿಕೊಂಡದ್ದು 1983ರಲ್ಲಿ.