ಪೋರ್ಟ್‌ಬ್ಲೇರಿನ ಚೌಕುಳಿ, ಗೊಲ್ಲರಹಟ್ಟಿಯ ರೊಪ್ಪ

ಮೊದಲನೆಯ ಸಂಪುಟ ಎಲ್ಲಕ್ಕಿಂತ ಕಡೆಗೆ ಬಂತು! ಎರಡನೆಯದು 1928ರಲ್ಲಿ, ಮೂರನೆಯದು 1930ರಲ್ಲಿ, ನಾಲ್ಕನೆಯದು 1931ರಲ್ಲಿ. ಅವೆಲ್ಲ ಬಂದಾದ ಮೇಲೆ 1935ರಲ್ಲಿ ಒಂದನೆಯದು. ಮೈಸೂರು ವಿಶ್ವವಿದ್ಯಾನಿಲಯ ಹೊರತಂದ ಈ ನಾಲ್ಕು ಹೊತ್ತಗೆಗಳ ಹೆಸರು ‘ದಿ ಮೈಸೂರ್ ಟ್ರೈಬ್ಸ್ ಅಂಡ್ ಕ್ಯಾಸ್ಟ್ಸ್’. ಅಕ್ಷರಗಳ ನಡುನಡುವೆ ಫೋಟೊಗಳು. ನಮ್ಮ ನಾಡಿನ ಜನ, ಅವರ ಉಡುಗೆ ತೊಡುಗೆ, ಮದುವೆ, ಸೂತಕ, ದೇವರು, ಕಸುಬು ಎಲ್ಲವೂ ಅಲ್ಲಿವೆ. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಸುತ್ತಿನ ಬೇಡರೂ ಗೊಲ್ಲರೂ ಇದ್ದಾರೆ.

ಮುಖಪುಟದ ಎರಡು ಹೆಸರುಗಳಲ್ಲಿ ಮೊದಲನೆಯದು ಎಚ್.ವಿ. ನಂಜುಂಡಯ್ಯ. ಅದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರಾದವರು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಯಾದವರು ಇವರೇ! ಭಾವಚಿತ್ರದಲ್ಲಿ ಪೇಟ ತೊಟ್ಟು ಕೂತ ಹಿರಿಯರೆಂದಷ್ಟೇ ನಾವು ಬಲ್ಲ ಈ ನ್ಯಾಯಾಧೀಶರು ಹಟ್ಟಿಯ ಬೆಡಗುಗಳೆಂಬ ಕುಲದ ಕವಲುಗಳನ್ನೂ ಹೆರಿಗೆಯ ಕಟ್ಟುಪಾಡುಗಳನ್ನೂ ಬರೆಸಿಟ್ಟುಕೊಂಡಿದ್ದರು. ಒಂದೊಂದು ಜಾತಿಗೆ ಒಂದೊಂದು ಕಿರುಹೊತ್ತಗೆಯಂತೆ ಅಚ್ಚು ಹಾಕಿಸುತ್ತ ಹೋದರು. 1920ರಲ್ಲಿ ತೀರಿಕೊಂಡರು. ಉಳಿದ ಕೆಲಸವನ್ನು ಹೆಗಲಿಗೆ ಹಾಕಿಕೊಂಡವರು ಪಾಲಕ್ಕಾಡಿನ ಎಲ್.ಕೆ. ಅನಂತಕೃಷ್ಣ ಅಯ್ಯರ್. ಕೊಚ್ಚಿ ಸೀಮೆಯ ಜನರ ಬಗ್ಗೆ ಇಂಥದ್ದೇ ಗ್ರಂಥ ಬರೆದು, ಕಲ್ಕತ್ತೆಯಲ್ಲಿ ಮಾನವಶಾಸ್ತ್ರ ಕಲಿಸಿದವರು ಅವರು.

ಜೋಗಿಮಟ್ಟಿಯ ನೆತ್ತಿಯ ಮೇಲೆ ನಿಂತು ಇದನ್ನೆಲ್ಲ ನೆನೆಯಬೇಕು. ಅಲ್ಲಿ ಗಾಳಿ ನಿಂತವರನ್ನು ನೂಕುತ್ತದೆ. ಒಂದು ಕಡೆ ಕೋಟೆಯ ಬಂಡೆಗಳು, ಇನ್ನೊಂದು ಕಡೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳತ್ತ ಇಳಿಯುವ ಕುರುಚಲು ಕಾಡು. ಬುಡದಲ್ಲಿ ಚಂದ್ರವಳ್ಳಿ. ಎಂ.ಎಚ್. ಕೃಷ್ಣ ಅವರು 1929ರಲ್ಲಿ ಅಲ್ಲಿ ಅಗೆತ ನಡೆಸಿ ಕದಂಬ ಮಯೂರಶರ್ಮನ ಶಾಸನವನ್ನು ನಾಡಿನ ಮುಂದಿಟ್ಟರು. ಎಂಥ ದಶಕ ಅದು! ನೆಲದಡಿಯ ಊರನ್ನು ಒಬ್ಬರು ಬಿಡಿಸಿ ನೋಡುತ್ತಿದ್ದ ವರ್ಷಗಳಲ್ಲೇ ನೆಲದ ಮೇಲಿನ ಜನರ ಬದುಕು ಅಚ್ಚಿನ ಮನೆಯಲ್ಲಿ ಪುಟವಾಗುತ್ತಿತ್ತು.

ಇದಕ್ಕೆಲ್ಲ ಮೊದಲು 1901ರಲ್ಲಿ ಬ್ರಿಟಿಷ್ ಸರ್ಕಾರ ಇಡೀ ಇಂಡಿಯಾದ ಜನಾಂಗ ಸಮೀಕ್ಷೆಗೆ ಒಪ್ಪಿಗೆ ಕೊಟ್ಟಿತ್ತು. ಮೇಲ್ವಿಚಾರಣೆ ಹರ್ಬರ್ಟ್ ರಿಸ್ಲಿಯದು. ಮದರಾಸಿಗೆ ಎಡ್ಗರ್ ಥರ್ಸ್ಟನ್, ಮೈಸೂರಿಗೆ ನಂಜುಂಡಯ್ಯ, ಕೊಚ್ಚಿಗೆ ಅನಂತಕೃಷ್ಣ ಅಯ್ಯರ್. ಆಚಾರಗಳನ್ನು ಬರೆದುಕೊಳ್ಳಬೇಕು, ತಲೆ ಮೂಗು ಅಳೆಯಬೇಕು, ಆಯಾ ಜನರನ್ನು ಪ್ರತಿನಿಧಿಸುವ ವ್ಯಕ್ತಿಗಳ ಫೋಟೊ ಹಿಡಿಯಬೇಕು, ಸಾಧ್ಯವಾದರೆ ಹಳೆಯ ಕಸುಬುಗಳನ್ನೂ ಹಿಡಿಯಬೇಕು ಎಂಬುದು ಆ ಯೋಜನೆಯ ಆಶಯ.

ಆದರೆ ಜನರನ್ನು ಅಳೆದು ಫೋಟೊ ಹಿಡಿಯುವ ಈ ಕಣ್ಣು ಪಳಗಿದ ಜಾಗಗಳಲ್ಲಿ ಒಂದು, ಸಾವಿರ ಮೈಲಿಗೂ ಆಚೆ, ಕಡಲ ನಡುವೆ ಇದೆ. ಅಲ್ಲಿಗೆ ಹೋಗದೆ ಈ ಕತೆ ಪೂರ್ತಿಯಾಗುವುದಿಲ್ಲ.

ಅಂಡಮಾನ್! 1879ರಲ್ಲಿ ಅಲ್ಲಿನ ಮೂಲನಿವಾಸಿಗಳ ಉಸ್ತುವಾರಿಗೆಂದು ಬಂದ ಮಾರಿಸ್ ವೈಡಲ್ ಪೋರ್ಟ್‌ಮನ್ 1890ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂಗಾಗಿ ಅವರ ಫೋಟೊಗಳನ್ನು ಸಂಪುಟ ಸಂಪುಟವಾಗಿ ತೆಗೆದ. ಬಾಚಿ ಮಾಡುವ ಕೆಲಸವೊಂದನ್ನೇ ತೆಗೆದುಕೊಂಡರೂ ಒಂದು ಫೋಟೊಗೆ ತೃಪ್ತಿಯಿಲ್ಲ. ಹಂತ ಹಂತವಾಗಿ ಹಿಡಿಯುತ್ತಾನೆ. ಸಿನಿಮಾ ಕಣ್ಣು ಬಿಡುತ್ತಿದ್ದ ಕಾಲದಲ್ಲಿ, ಒಂದು ಕೈಕೆಲಸವನ್ನು ನಿಂತ ಚಿತ್ರಗಳಲ್ಲೇ ಚಲಿಸುವಂತೆ ಮಾಡಿದ ಆ ಹಟ ಬೆರಗು ಹುಟ್ಟಿಸುತ್ತದೆ. ಪ್ಲಾಟಿನಂ ಮುದ್ರಣದ ಮೆತ್ತನೆಯ ಬೂದು ಬಣ್ಣದಲ್ಲಿ ಚರ್ಮದ ಹೊಳಪು, ನಾರಿನ ಎಳೆ, ಬಿಲ್ಲಿನ ಬಾಗು ಇಂದಿಗೂ ಮಾಸಿಲ್ಲ.

ಅದೇ ಪೋರ್ಟ್‌ಮನ್ ಜನರನ್ನು ಚೌಕುಳಿ ಹಲಗೆಯ ಮುಂದೆ ಬತ್ತಲೆ ನಿಲ್ಲಿಸಿದ. ಆ ವಿದ್ಯೆ 1869ರಲ್ಲಿ ಲಂಡನ್ನಿನ ಜಾನ್ ಲ್ಯಾಂಪ್ರೆ ಹೇಳಿಕೊಟ್ಟದ್ದು: ಮರದ ಚೌಕಟ್ಟಿಗೆ ರೇಷ್ಮೆ ದಾರ ಬಿಗಿದು ಎರಡೆರಡು ಅಂಗುಲದ ಚೌಕಗಳು, ಅದರ ಮುಂದೆ ಒಂದು ದೇಹ. ಫೋಟೊದಿಂದಲೇ ಎತ್ತರ, ಅಗಲ, ಕೈಕಾಲಿನ ಉದ್ದ ಲೆಕ್ಕ ಹಾಕಬಹುದು. ಅತ್ತ ಅಂಡಮಾನಿನ ಪೋರ್ಟ್‌ಬ್ಲೇರಿನಲ್ಲಿ 1858ರಲ್ಲಿ ಕೈದಿಗಳ ವಸಾಹತು ನೆಲೆಯೂರಿತ್ತು. 1877ರಲ್ಲಿ ದಡಾರ ಹೊಕ್ಕು ಊರೂರನ್ನೇ ಗುಡಿಸಿ ಹಾಕಿತ್ತು. ಗ್ರೇಟ್ ಅಂಡಮಾನಿಗಳ ಸಂಖ್ಯೆ 1901ರ ಜನಗಣತಿಗೆ 625, 1961ಕ್ಕೆ ಬರೀ 19. ಕ್ಯಾಮೆರಾ ಸೆರೆಹಿಡಿಯುತ್ತಿದ್ದದ್ದು ಅಳಿಯುತ್ತಿದ್ದ ಜನರನ್ನು. ಅಳಿವಿಗೆ ಕಾರಣವಾದ ಆಡಳಿತದ ಕೈಯಲ್ಲೇ ಆ ಕ್ಯಾಮೆರಾ ಇತ್ತು. ಆ ಚಿತ್ರಗಳ ಚೆಲುವು ನನ್ನನ್ನು ಸೆಳೆದಷ್ಟೂ ಈ ಸಂಗತಿ ಎದೆಯನ್ನು ಕೊರೆಯುತ್ತದೆ.

ಅಳೆಸಿಕೊಂಡವರು ಸುಮ್ಮನಿದ್ದರೆ? ಇಲ್ಲ! ಮದರಾಸಿನ ಸಮೀಕ್ಷೆ ನಡೆಸಿದ ಥರ್ಸ್ಟನ್ ತನ್ನ ಗ್ರಂಥದಲ್ಲಿ ತಾನೇ ಬರೆದಿದ್ದಾನೆ: ವಯನಾಡಿನ ಪಣಿಯ ಹೆಂಗಸರು ತಮ್ಮಲ್ಲಿ ಒಳ್ಳೆಯವರನ್ನು ಆರಿಸಿ ಹುಲ್ಲು ತುಂಬಿ ಮದರಾಸಿನ ಮ್ಯೂಸಿಯಂನಲ್ಲಿ ನಿಲ್ಲಿಸುತ್ತಾರೆಂದು ನಂಬಿದ್ದರಂತೆ. ಏನೋ ಸಣ್ಣ ತಪ್ಪಿಗೆ ಪೊಲೀಸರಿಗೆ ಬೇಕಾಗಿದ್ದ ನೀಲಗಿರಿಯ ಇರುಳನೊಬ್ಬ, ಎತ್ತರ ಅಳೆಯುವ ಕಂಬ ಕಂಡು ಅದು ಗಲ್ಲುಗಂಬವೆಂದು ಅಳೆಸಿಕೊಳ್ಳಲು ಸುತರಾಂ ಒಪ್ಪಲಿಲ್ಲವಂತೆ. ಥರ್ಸ್ಟನ್ ಇವನ್ನು ತಮಾಷೆಯಾಗಿ ಬರೆದ. ನನಗೆ ಇವು ತಮಾಷೆಯಲ್ಲ. ಮನುಷ್ಯರನ್ನು ಗಾಜಿನ ಪೆಟ್ಟಿಗೆಯಲ್ಲಿಡುವ ಬಯಕೆ ಆ ಸಲಕರಣೆಗಳಲ್ಲಿ ಇದೆಯೆಂದು ಪಣಿಯ ಹೆಂಗಸರು ಒಂದೇ ನೋಟಕ್ಕೆ ಅರಿತಿದ್ದರು.

ಇನ್ನು ನಮ್ಮ ಕಾಡುಗೊಲ್ಲರ ಹಟ್ಟಿಗಳಿಗೆ ಬನ್ನಿ. ಸುತ್ತ ಮುಳ್ಳುಬೇಲಿ, ಕುರಿಯ ರೊಪ್ಪ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಗಣೆಯೆಂಬ ಉದ್ದನೆಯ ಕೊಳಲು. ತಮ್ಮ ವೀರ ಜುಂಜಪ್ಪನ ಕತೆ ಹಾಡುವಾಗ ಆ ಗಣೆಯಿಂದ ಹೊರಡುವ ದನಿ ಯಾವ ಫೋಟೊಗೂ ಸಿಕ್ಕದು. ಕಾಡುಗೊಲ್ಲರ ಬಾಣಂತಿ ಕೂಸಿನೊಂದಿಗೆ ಊರಾಚೆಯ ಸೊಪ್ಪಿನ ಗುಡಿಸಲಲ್ಲಿರುತ್ತಾಳೆ, ಕಾಯಿಲೆ ಬಿದ್ದರೂ ತನ್ನವರು ಮುಟ್ಟರು, ಆಗ ಆರೈಕೆಗೆ ನಾಯಕರ, ಅಂದರೆ ಬೇಡರ, ಹೆಂಗಸೊಬ್ಬಳು ಬರುತ್ತಾಳೆ ಎಂದು ಆಗಿನ ಮೈಸೂರು ಸೆನ್ಸಸ್ ವರದಿ ದಾಖಲಿಸಿತು. ಒಂದು ವಾಕ್ಯದಲ್ಲಿ ಎಷ್ಟೊಂದು ಅಡಗಿದೆ ನೋಡಿ! ಗೊಲ್ಲರಿಗೂ ಬೇಡರಿಗೂ ಇದ್ದ ನಂಟು, ಆ ತಾಯಿಯ ಒಂಟಿತನ, ಬೇರೆ ಕುಲದ ಹೆಣ್ಣಿನ ಕೈಯ ಬಿಸಿ. ನೂರು ವರ್ಷ ದಾಟಿದ ಮೇಲೆ, 2017ರಲ್ಲಿ, ಹೆಣ್ಣನ್ನು ಹೀಗೆ ಊರಾಚೆ ಇರಿಸುವುದನ್ನು ತಡೆಯಲು ಕರ್ನಾಟಕ ಕಾನೂನನ್ನೇ ಮಾಡಬೇಕಾಯಿತು.

ಹಟ್ಟಿಯೊಳಗಿನಿಂದಲೇ ಎದ್ದ ದಾಖಲೆಯೂ ಒಂದಿದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ, ಓದು ಬರಹವಿಲ್ಲದ ಆ ತಾಯಿ, ಸಾವಿರಾರು ಹಾಡುಗಳನ್ನು ನಾಲಗೆಯ ಮೇಲೆ ಇಟ್ಟುಕೊಂಡಿದ್ದರು. ನಾಡೋಜ ಗೌರವ ಅವರನ್ನು ಹುಡುಕಿಕೊಂಡು ಬಂತು. ಸಮೀಕ್ಷೆಯ ಪುಟಗಳಲ್ಲಿ ಕಾಡುಗೊಲ್ಲರು ವಿವರಣೆಗೆ ಒಳಗಾದರು. ಸಿರಿಯಜ್ಜಿಯ ಬಾಯಲ್ಲಿ ಅವರೇ ತಮ್ಮನ್ನು ಹೇಳಿಕೊಂಡರು.

ಇನ್ನೊಂದು ಬೆರಗು ಉಳಿದಿದೆ. ಅಷ್ಟು ನಿರ್ದಯವಾಗಿ ಅಳೆದ ಪೋರ್ಟ್‌ಮನ್, ಅಳತೆಯ ಹಾಳೆಗಳಲ್ಲಿ ಒಬ್ಬೊಬ್ಬರ ಹೆಸರು, ವಯಸ್ಸು, ಬಣ ಬರೆದಿಟ್ಟ. ಜಾತಿ ಬುಡಕಟ್ಟುಗಳ ಗ್ರಂಥಗಳಲ್ಲಿ ಫೋಟೊದ ಕೆಳಗೆ ಕುಲದ ಹೆಸರಷ್ಟೇ ಬರೆಯುವುದು ರೂಢಿ. ಮನುಷ್ಯನ ಹೆಸರು ಬೇಕೆಂದು ಯಾರಿಗೂ ತೋಚಲಿಲ್ಲ. ಅದಕ್ಕೇ ಮೈಸೂರಿನ ಆ ನಾಲ್ಕು ಸಂಪುಟಗಳ ಚಿತ್ರಗಳನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಹಿರಿಯೂರು, ಚಳ್ಳಕೆರೆ, ಹೊಸದುರ್ಗದ ಹಟ್ಟಿಗಳಿಗೆ ಒಯ್ಯಬೇಕು. ಕೊರಳ ಸರ, ಸೀರೆಯ ಕಟ್ಟು, ಕಂಬಳಿ ಹೊದ್ದ ಬಗೆ ನೋಡಿ ಇದು ಯಾವ ಸೀಮೆಯವರದು, ಯಾವ ಬೆಡಗಿನವರದು ಎಂದು ಗುರುತು ಹಿಡಿಯಬಲ್ಲ ಅಜ್ಜಿಯರನ್ನು ಕೂರಿಸಿ ಕೇಳಬೇಕು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಆ ಚಿತ್ರಗಳ ಕೆಳಗೆ ಬರೆಯಬೇಕು.